ಕರ್ನಲ್‌ನೊಳಗೆ ಕೈಯಿಡುವ ಮುನ್ನ

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನ ತಿರುಳೇ ಕರ್ನಲ್. ಕಂಪ್ಯೂಟರ್ ನಡೆಯುತ್ತಿರುವಾಗಲೇ ಅದಕ್ಕೆ ಸೇರಿಸಬಹುದಾದ ತುಣುಕು ಮಾಡ್ಯೂಲ್. 'ಇನ್ಸ್‌ಮಾಡ್' ಆದೇಶ ಸೇರಿಸುತ್ತದೆ, 'ಆರ್‌ಎಂಮಾಡ್' ತೆಗೆಯುತ್ತದೆ. ಸಾಧಾರಣ ಪ್ರೋಗ್ರಾಂ ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಮಾಡ್ಯೂಲ್ ತಪ್ಪಿದರೆ ಇಡೀ ಕಂಪ್ಯೂಟರೇ ಸ್ತಬ್ಧವಾಗಬಹುದು.

ನಿಮ್ಮ ಮಾಡ್ಯೂಲ್ ಒಂದು ಟೈಮರ್ ಹೂಡಿದೆ ಎನ್ನಿ. ಅದನ್ನು ರದ್ದುಮಾಡದೆ ಮಾಡ್ಯೂಲನ್ನು ತೆಗೆದರೆ, ವೇಳೆಯಾದಾಗ ಕರ್ನಲ್ ಖಾಲಿ ಮನೆಯ ಬಾಗಿಲು ತಟ್ಟುತ್ತದೆ. ಅಲ್ಲಿ ಸೂಚನೆಗಳೇ ಇಲ್ಲ!

ಹಾಗಾದರೆ ದೋಷ ಹುಡುಕುವುದು ಹೇಗೆ? ಹಂತಹಂತಕ್ಕೂ 'ಪ್ರಿಂಟ್‌ಕೆ' ಸಂದೇಶ ಬರೆಸಿ, ಕರ್ನಲ್‌ನ ದಾಖಲೆಯಲ್ಲಿ ಓದಿ. 'ಊಪ್ಸ್' ವರದಿ ಬಂದರೆ ಹೆದರಬೇಡಿ. ಎಡವಿದ ಜಾಗದ ಸುಳಿವು ಅದರಲ್ಲೇ ಇರುತ್ತದೆ. ಮೊದಲ ಪ್ರಯೋಗ ವರ್ಚುವಲ್ ಯಂತ್ರದಲ್ಲಿರಲಿ. ವರ್ಷವಿಡೀ ಬರೆದ ಪ್ರಾಜೆಕ್ಟ್ ಉಳಿಯಲಿ. ಹೂಡಿದ್ದನ್ನೆಲ್ಲ ತೆಗೆದೇ ಹೊರಡಿ.