ಯಾವುದರಿಂದ ಯಾವುದು?

ಬೆಂಗಳೂರು ಪೂರ್ವ ನಿಲ್ದಾಣವನ್ನು ಹಾದುಹೋಗುವ ರೈಲಿನ ಸದ್ದು ಬೆಳಗಿನ ಜಾವದಲ್ಲಿ ಕುಕ್ ಟೌನಿನ ನಮ್ಮ ಮನೆಯವರೆಗೂ ಕೇಳಿಬರುತ್ತದೆ. ಆ ಸದ್ದಿಗೆ ಎಚ್ಚೆತ್ತು ಕುಳಿತಾಗಲೆಲ್ಲ, ಸಂಜೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರವನ್ನು ಬೋಧಿಸುತ್ತಿದ್ದ ದಿನಗಳಲ್ಲಿ ಒಬ್ಬ ವಿದ್ಯಾರ್ಥಿಯು ನನಗೆ ಹಾಕಿದ ಪ್ರಶ್ನೆಯೊಂದು ನೆನಪಾಗುತ್ತದೆ.

ಕಪ್ಪುಹಲಗೆಯ ಮೇಲೆ ಬೇಡಿಕೆಯ ರೇಖೆಯನ್ನೂ ಪೂರೈಕೆಯ ರೇಖೆಯನ್ನೂ ಎಳೆದು, ಸೀಮೆಸುಣ್ಣದ ತುದಿಯಿಂದ ತೋರಿಸುತ್ತ, "ಇದು ಮೇಲೇರಿದರೆ ಅದು ಕೆಳಗಿಳಿಯುತ್ತದೆ, ಇದರಿಂದಲೇ ಅದು" ಎಂದು ನಾನು ಬಹು ಉತ್ಸಾಹದಿಂದ ವಿವರಿಸುತ್ತಿದ್ದಾಗ, ಮುಂದಿನ ಬೆಂಚಿನಲ್ಲಿ ಬಿಳಿಯ ಕೋಲನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿದ್ದ, ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಆ ಹುಡುಗನು ಮೆಲ್ಲನೆ ಎದ್ದು ನಿಂತು, "ಸಾರ್, ಇದರಿಂದ ಅದು ಅಂದ್ರಲ್ಲ, ಯಾವುದರಿಂದ ಯಾವುದು ಸಾರ್?" ಎಂದು ಕೇಳಿದನು. ಅವನ ಧ್ವನಿಯಲ್ಲಿ ಆಕ್ಷೇಪಣೆ ಲೇಶಮಾತ್ರವೂ ಇರಲಿಲ್ಲ. ಅರಿಯಬೇಕೆಂಬ ಹಂಬಲವೊಂದೇ ಇದ್ದಿತು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ಕಣ್ಣು ಮುಚ್ಚಿ ಕುಳಿತು ಅದೇ ಪಾಠವನ್ನು ನನಗೆ ನಾನೇ ಹೇಳಿಕೊಂಡೆನು. ಹೇಳಿಕೊಂಡಂತೆಲ್ಲ, ಅಷ್ಟು ವರ್ಷಗಳ ಕಾಲ ಪಾಠ ಮಾಡಿದುದು ನನ್ನ ಕೈಯೇ ಹೊರತು ನನ್ನ ಮಾತಲ್ಲವೆಂಬುದು ಸ್ಪಷ್ಟವಾಗತೊಡಗಿತು. ಮರುದಿನ ರಟ್ಟಿನ ಮೇಲೆ ದಪ್ಪ ದಾರವನ್ನು ಅಂಟಿಸಿ ರೇಖೆಗಳನ್ನು ಮಾಡಿ ಅವನ ಬೆರಳಿಗೆ ಕೊಟ್ಟೆನು, ಇಡೀ ತರಗತಿಗೆ, "ನಿಂತಿರುವ ಗೀಟು ಬೆಲೆಯನ್ನೂ ಮಲಗಿರುವ ಗೀಟು ಪ್ರಮಾಣವನ್ನೂ ತೋರಿಸುತ್ತವೆ, ಬೇಡಿಕೆಯ ರೇಖೆಯು ಎಡಗಡೆಯ ಮೇಲಿನಿಂದ ಬಲಗಡೆಯ ಕೆಳಕ್ಕೆ ಇಳಿಯುತ್ತದೆ, ಏಕೆಂದರೆ ಕಡಲೆಕಾಯಿಯ ಬೆಲೆ ಏರಿದರೆ ಕೊಳ್ಳುವವರು ಕಡಮೆ ಕೊಳ್ಳುವರು" ಎಂದು ಪೂರ್ಣ ವಾಕ್ಯಗಳಲ್ಲಿ ಹೇಳಿದೆನು.

ಇದರ ಫಲವನ್ನು ನಾನು ನಿರೀಕ್ಷಿಸದ ಕಡೆಯಲ್ಲಿ ಕಂಡೆನು. ನಮ್ಮದು ದಂಡುಪ್ರದೇಶದ ಕಾಲೇಜು. ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ತೆಲುಗನ್ನೋ ಆಡುತ್ತ, ಹಗಲು ಕಾರ್ಖಾನೆಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ಶಿಫ್ಟು ಬದಲಾದಾಗ ವಾರಗಟ್ಟಲೆ ತರಗತಿಗೆ ತಪ್ಪಿಸಿಕೊಳ್ಳುವ ಹುಡುಗರೇ ಅಲ್ಲಿ ಹೆಚ್ಚು. ಅವರು ಗೆಳೆಯರಿಂದ ಎರವಲು ಪಡೆಯುತ್ತಿದ್ದ ನೋಟ್‌ಬುಕ್ಕುಗಳಲ್ಲಿ ಅದುವರೆಗೆ ಅಡ್ಡಾದಿಡ್ಡಿ ಗೀಟುಗಳೂ ಬಾಣದ ಗುರುತುಗಳೂ ಮಾತ್ರ ಇರುತ್ತಿದ್ದವು, ಈಗ ವಾಕ್ಯಗಳಿದ್ದವು. ತರಗತಿಗೆ ಬಾರದವನೂ ಓದಿ ತಿಳಿಯಬಹುದಾದಂತೆ ಪಾಠವು ಕಾಗದದ ಮೇಲೆ ನಿಂತಿದ್ದಿತು. ಒಬ್ಬನಿಗಾಗಿ ಆಡಿದ ಮಾತು, ಆ ಸಂಜೆ ಕೊಠಡಿಯಲ್ಲಿಯೇ ಇಲ್ಲದವರಿಗೂ ತಲಪಿದ್ದಿತು.

ಕಲಿಯುವವನು ಇರುವೆಡೆಗೆ ವಿದ್ಯೆಯೇ ಹೋಗುವುದು ನಮ್ಮ ನಾಡಿಗೆ ಅಪರಿಚಿತವಲ್ಲ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತಲೇ ಸಂಗೀತವನ್ನು ಕಲಿಸಿದರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು; ಇಂದು ನನ್ನ ಮಾತು ನಿಮ್ಮನ್ನು ಮುಟ್ಟುತ್ತಿರುವ ಈ ಮಾಧ್ಯಮವನ್ನು ಕನ್ನಡಿಗರಿಗೆ ತಂದವರು ಒಬ್ಬ ಅಧ್ಯಾಪಕರೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವು ಬೆಳೆದು 1996ರಲ್ಲಿ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಮ್ಮ ಮನೆಯಿಂದ ಅನತಿದೂರದ ಲಿಂಗರಾಜಪುರದಲ್ಲಿ, ಸ್ವತಃ ಅಂಗವೈಕಲ್ಯವನ್ನು ಅನುಭವಿಸಿದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ಸಂಸ್ಥೆಯು ಇಂದಿಗೂ ಅಂಗವಿಕಲರ ಶಿಕ್ಷಣ ಮತ್ತು ತರಬೇತಿಯಲ್ಲಿ ತೊಡಗಿದೆ.

ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರದ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿರಿಸಿತು. ಆದರೆ ಕಾಯಿದೆಯು ಬೆಂಚನ್ನು ಕೊಡಬಲ್ಲದು, ವಾಕ್ಯವನ್ನು ಕೊಡಲಾರದು. ಇಂತಹ ಸೌಲಭ್ಯಗಳಿಂದ ವಿದ್ಯೆಯ ಮಟ್ಟ ಕುಸಿಯುವುದೆಂದು ಮರುಗುವ ಸಹೋದ್ಯೋಗಿಗಳನ್ನು ನಾನು ಬಲ್ಲೆ. ಅವರ ಕಳವಳವು ಪ್ರಾಮಾಣಿಕವಾದುದೇ. ಲಿಪಿಕಾರನ ನೆರವಿನಿಂದ ಪರೀಕ್ಷೆ ಬರೆಯುವವನಿಗೆ ಗಂಟೆಗೆ 20 ನಿಮಿಷಗಳಷ್ಟು ಹೆಚ್ಚು ಕಾಲ ದೊರೆಯುವುದು ನಿಜ. ಆದರೆ ಆ ನಿಮಿಷಗಳು ಪ್ರಶ್ನೆಯನ್ನು ಸುಲಭಗೊಳಿಸುವುದಿಲ್ಲ. ಉತ್ತರವನ್ನು ಅವನೇ ತನ್ನೊಳಗಿನಿಂದ ತರಬೇಕು.

ಇದನ್ನು ನಾನು ಆ ಹುಡುಗನ ಆ ವರ್ಷದ ಆಂತರಿಕ ಪರೀಕ್ಷೆಯಲ್ಲಿ ಕಣ್ಣಾರೆ ಕಂಡೆನು. ಎರಡು ರೇಖೆಗಳನ್ನು ಎಳೆದು ಸಮತೋಲನದ ಬೆಲೆಯನ್ನು ಗುರುತಿಸಬೇಕೆಂಬುದು ಪ್ರಶ್ನೆ. ಲಿಪಿಕಾರನಾಗಿ ಬಂದಿದ್ದವನು ಅರ್ಥಶಾಸ್ತ್ರದ ಗಂಧವೇ ಇಲ್ಲದ ಪಿಯುಸಿಯ ಬಾಲಕ. "ಮೊದಲು ನಿಂತಿರೋ ಗೀಟು ಎಳಿಯಪ್ಪ. ಈಗ ಅದರ ಬುಡದಿಂದ ಬಲಕ್ಕೆ ಮಲಗಿರೋದು ಒಂದು. ಇನ್ನು ಎಡಗಡೆ ಮೇಲಿಂದ ಶುರು ಮಾಡಿ ಬಲಗಡೆ ಕೆಳಕ್ಕೆ ನಿಧಾನವಾಗಿ ಇಳಿಸು" ಎಂದು ನನ್ನ ವಿದ್ಯಾರ್ಥಿಯು ತಾಳ್ಮೆಯಿಂದ ಹೇಳುತ್ತ ಹೋದನು, ಬಾಲಕನು ಎಳೆಯುತ್ತ ಹೋದನು. ಮೇಲ್ವಿಚಾರಣೆಗೆಂದು ಅತ್ತ ಸುಳಿದವನು ಹಿಂದೆ ನಿಂತು ನೋಡಿದೆನು. ರೇಖೆಗಳೆರಡೂ ಕೂಡಬೇಕಾದ ಎಡೆಯಲ್ಲಿಯೇ ಕೂಡಿದ್ದವು.