ಹದಿನಾಲ್ಕು ದಿನದ ಗೆರೆ



2001ರ ಆಗಸ್ಟ್ ತಿಂಗಳಲ್ಲಿ ಅಮೆರಿಕ ಸರ್ಕಾರ ಒಂದು ಪಟ್ಟಿ ಪ್ರಕಟಿಸಿತು. ಮನುಷ್ಯ ಭ್ರೂಣದಿಂದ ತೆಗೆದ ಆಕರಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ, 64 ತಳಿಗಳು ಅದರಲ್ಲಿದ್ದವು. ಮೂರು ತಳಿಗಳ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರಿತ್ತು, ಏಳರ ಮುಂದೆ ರಿಲಯನ್ಸ್ ಕಂಪನಿಯದು. ಭ್ರೂಣದ ಮೇಲೆ ಸಂಶೋಧನೆ ಮಾಡಬಹುದೇ, ಜೀವ ಶುರುವಾಗುವುದು ಯಾವ ಗಳಿಗೆಯಲ್ಲಿ ಎಂದು ಅಮೆರಿಕ ವರ್ಷಗಟ್ಟಲೆ ಜಗಳಾಡಿ ಮಾಡಿಕೊಂಡ ಪಟ್ಟಿ ಅದು. ಅದರಲ್ಲಿ ನಮ್ಮ ಊರೂ ಇತ್ತು. ಜಗಳ ಮಾತ್ರ ನಮ್ಮಲ್ಲಿ ನಡೆದಿರಲಿಲ್ಲ.

ಪ್ರಶ್ನೆಯೇನೋ ನಮಗೆ ಹೊಸದಲ್ಲ. ಗರ್ಭದಲ್ಲಿ ಯಾವ ಅಂಗ ಮೊದಲು ಮೂಡುತ್ತದೆ ಎಂದು ಆಚಾರ್ಯರು ವಾದಿಸುವ ಪ್ರಸಂಗ ಚರಕಸಂಹಿತೆಯ ಶಾರೀರಸ್ಥಾನದಲ್ಲಿದೆ. ತಲೆ ಎಂದು ಒಬ್ಬರು, ಹೃದಯ ಎಂದು ಇನ್ನೊಬ್ಬರು, ಹೊಕ್ಕುಳು ಎಂದು ಮತ್ತೊಬ್ಬರು. ಎಲ್ಲವೂ ಒಟ್ಟಿಗೇ ಎಂಬುದು ಧನ್ವಂತರಿಯ ಮತ. ಶುಕ್ರ, ಶೋಣಿತ, ಜೀವ ಮೂರೂ ಕೂಡಿದರೇ ಗರ್ಭ ಎನ್ನುತ್ತಾನೆ ಚರಕ. ಸುಶ್ರುತ ನಾಲ್ಕನೆಯ ತಿಂಗಳಿಗೆ ಒತ್ತು ಕೊಡುತ್ತಾನೆ. ಆಗ ಹೃದಯ ವ್ಯಕ್ತವಾಗಿ ಚೇತನ ಕಾಣಿಸಿಕೊಳ್ಳುತ್ತದೆ, ಬಸುರಿಯ ಬಯಕೆ ಅಲ್ಲಿಂದಾಚೆ ಎರಡು ಹೃದಯಗಳ ಬಯಕೆ. ಗ್ರೀಸಿನ ಅರಿಸ್ಟಾಟಲ್ ಗಂಡಿಗೆ ನಲವತ್ತು ದಿನ, ಹೆಣ್ಣಿಗೆ ತೊಂಬತ್ತು ದಿನ ಎಂದ. ಯಹೂದಿಗಳ ತಾಲ್ಮುಡ್‌ನಲ್ಲಿ ನಲವತ್ತು ದಿನದವರೆಗೆ ಅದು ಬರಿ ನೀರು. ಇಸ್ಲಾಮಿನ ಬಹುಪಾಲು ವಿದ್ವಾಂಸರು ರೂಹು, ಅಂದರೆ ಆತ್ಮ, ಬರುವುದು ನೂರಿಪ್ಪತ್ತು ದಿನಕ್ಕೆ ಎಂದರು. ಚೇತನ ಬಂದ ಭ್ರೂಣ, ಬಾರದ ಭ್ರೂಣ ಎಂಬ ಭೇದವನ್ನು ಕ್ಯಾಥೊಲಿಕ್ ಚರ್ಚು ಕೂಡ ಬಹುಕಾಲ ಉಳಿಸಿಕೊಂಡಿತ್ತು. ತನ್ನ ಶಿಕ್ಷೆಯ ನಿಯಮದಿಂದ ಅದನ್ನು ತೆಗೆದುಹಾಕಿದ್ದು 1869ರಲ್ಲಿ, ಒಂಬತ್ತನೆಯ ಪಯಸ್ ಪೋಪ್ ಆಗಿದ್ದಾಗ.

ಇವರಲ್ಲಿ ಯಾರೂ ಆ ಮೊದಲ ಗಳಿಗೆಯನ್ನು ಕಣ್ಣಾರೆ ಕಂಡವರಲ್ಲ. ಸಸ್ತನಿಗಳ ಅಂಡಾಣು ಸೂಕ್ಷ್ಮದರ್ಶಕಕ್ಕೆ ಸಿಕ್ಕಿದ್ದೇ 1827ರಲ್ಲಿ. ವೀರ್ಯಾಣುವಿನ ಕೇಂದ್ರವೂ ಅಂಡಾಣುವಿನ ಕೇಂದ್ರವೂ ಬೆರೆಯುವುದನ್ನು ಜರ್ಮನಿಯ ಆಸ್ಕರ್ ಹರ್ಟ್‌ವಿಗ್ 1876ರಲ್ಲಿ ಕಡಲಿನ ಒಂದು ಮುಳ್ಳುಜೀವಿಯಲ್ಲಿ ತೋರಿಸಿಕೊಟ್ಟರು. ಮನುಷ್ಯನ ಅಂಡಾಣು ಗಾಜಿನ ತಟ್ಟೆಯಲ್ಲಿ ಫಲಿತವಾದ ಸುದ್ದಿಯನ್ನು ಕೇಂಬ್ರಿಜ್‌ನ ರಾಬರ್ಟ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1969ರಲ್ಲಿ. ಅವರು, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ, ಭ್ರೂಣಗಳನ್ನು ನೋಡಿಕೊಳ್ಳುತ್ತಿದ್ದ ಜೀನ್ ಪರ್ಡಿ ಈ ಮೂವರ ದುಡಿಮೆಯ ಫಲವಾಗಿ 1978ರ ಜುಲೈ 25ರಂದು ಓಲ್ಡಮ್ ಆಸ್ಪತ್ರೆಯಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಪರ್ಡಿಯವರ ಹೆಸರನ್ನು ಲೋಕ ಬಹಳ ಬೇಗ ಮರೆಯಿತು, ಅದು ಅನ್ಯಾಯ.

ಅಲ್ಲಿಗೆ ಭ್ರೂಣ ತಾಯಿಯ ಒಡಲಿನಿಂದ ಹೊರಗೆ, ಬೆಳಕಿಗೆ ಬಂದಿತ್ತು. ಗರ್ಭಕೋಶಕ್ಕೆ ಸೇರಿಸಿ ಉಳಿದ ಭ್ರೂಣಗಳನ್ನು ಏನು ಮಾಡುವುದು? ಚೆಲ್ಲಬಹುದೇ? ಬಂಜೆತನದ, ಗರ್ಭಪಾತದ, ವಂಶದ ಕಾಯಿಲೆಗಳ ಕಾರಣವನ್ನು ಅವುಗಳಲ್ಲಿ ಹುಡುಕಬಹುದೇ? ಇದನ್ನು ವಿಚಾರಿಸಲು ಬ್ರಿಟಿಷ್ ಸರ್ಕಾರ 1982ರಲ್ಲಿ ಒಂದು ಸಮಿತಿ ನೇಮಿಸಿ, ಅದರ ಅಧ್ಯಕ್ಷತೆಯನ್ನು ಮೇರಿ ವಾರ್ನಾಕ್ ಎಂಬ ತತ್ತ್ವಶಾಸ್ತ್ರಜ್ಞೆಗೆ ವಹಿಸಿತು.

ಈ ಚರಿತ್ರೆಯಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಕೆಲಸ ಆ ಸಮಿತಿಯದು. ಜೀವ ಯಾವಾಗ ಶುರುವಾಗುತ್ತದೆ ಎಂಬ ಪ್ರಶ್ನೆ ನೋಡಲು ವಿಜ್ಞಾನದ ಪ್ರಶ್ನೆಯಂತಿದ್ದರೂ ಅದರೊಳಗೆ ಧರ್ಮ, ನೀತಿ, ಮಮತೆ ಎಲ್ಲ ಬೆರೆತಿವೆ ಎಂದು ವಾರ್ನಾಕ್ ಕಂಡರು. ವೀರ್ಯಾಣುವಿಗೂ ಜೀವವಿದೆ, ಅಂಡಾಣುವಿಗೂ ಇದೆ. ಆದ್ದರಿಂದ ಅವರು ನೇರವಾಗಿ ಬೇರೊಂದನ್ನು ಕೇಳಿದರು: ಮನುಷ್ಯ ಭ್ರೂಣದೊಂದಿಗೆ ನಾವು ಹೇಗೆ ನಡೆದುಕೊಳ್ಳುವುದು ಸರಿ? ಅದು ಕಸವಲ್ಲ, ಹುಟ್ಟಿದ ಮಗುವಿಗೆ ಸಮವೂ ಅಲ್ಲ. ಕಾನೂನಿನ ರಕ್ಷಣೆ ಅದಕ್ಕೆ ಬೇಕು, ಆದರೆ ಅದಕ್ಕೊಂದು ಗಡಿಯೂ ಬೇಕು.

ಗಡಿ ಎಲ್ಲಿ ಹಾಕಬೇಕೆಂದು ದಾರಿ ತೋರಿದವರು ಸಮಿತಿಯಲ್ಲಿದ್ದ ಜೀವವಿಜ್ಞಾನಿ ಆ್ಯನ್ ಮೆಕ್‌ಲಾರೆನ್. ಸುಮಾರು ಹದಿನೈದನೆಯ ದಿನ ಭ್ರೂಣದ ಮೇಲೆ ಸಣ್ಣದೊಂದು ಗೆರೆ ಮೂಡುತ್ತದೆ, ಪ್ರಿಮಿಟಿವ್ ಸ್ಟ್ರೀಕ್ ಎಂದು ಅದಕ್ಕೆ ಹೆಸರು. ತಲೆ ಯಾವ ಕಡೆ, ಬಾಲ ಯಾವ ಕಡೆ ಎಂಬುದು ಆಗ ನಿಶ್ಚಯವಾಗುತ್ತದೆ. ಅದಕ್ಕೂ ಮೊದಲು ಭ್ರೂಣ ಒಡೆದು ಅವಳಿಯಾಗಬಹುದು, ಹಾಗಾಗಿ ಅದು ಒಬ್ಬರೋ ಇಬ್ಬರೋ ಎಂದು ಹೇಳಲಾಗದು. ಅದರ ಬಹುಪಾಲು ಕೋಶಗಳು ಮುಂದೆ ಮಾಸು ಮತ್ತು ಗರ್ಭದ ಪೊರೆಗಳಾಗುವಂಥವು. ನೋವು ತಿಳಿಯಲು ನರವೆಂಬುದೇ ಇರುವುದಿಲ್ಲ. ಹದಿನಾಲ್ಕು ದಿನ ದಾಟಿ ಯಾವ ಭ್ರೂಣವನ್ನೂ ಪ್ರಯೋಗಶಾಲೆಯಲ್ಲಿ ಬೆಳೆಸಕೂಡದು, ಬೆಳೆಸಿದರೆ ಅಪರಾಧ ಎಂದು ಸಮಿತಿ 1984ರಲ್ಲಿ ಹೇಳಿತು. ಅಮೆರಿಕದ ಒಂದು ಸಲಹಾ ಮಂಡಳಿ 1979ರಲ್ಲೇ ಇದೇ ಅಂಕಿಯನ್ನು ಸೂಚಿಸಿತ್ತು, ಆದರೆ ಅಲ್ಲಿ ಅದು ಕಡತದಲ್ಲೇ ಉಳಿಯಿತು. ವಾರ್ನಾಕ್ ಸಮಿತಿಯಲ್ಲೂ ಮೂವರು ಸದಸ್ಯರು ಯಾವ ಸಂಶೋಧನೆಯೂ ಬೇಡವೆಂದು ಭಿನ್ನಮತ ಬರೆದರು. ಆ ಭಿನ್ನಮತ ವರದಿಯೊಳಗೇ ಅಚ್ಚಾಯಿತು.

ಮುಂದಿನ ಆರು ವರ್ಷ ಬ್ರಿಟನ್ ಇದನ್ನು ಬೀದಿಯಲ್ಲಿ, ಚರ್ಚಿನಲ್ಲಿ, ಪತ್ರಿಕೆಗಳಲ್ಲಿ ಚರ್ಚಿಸಿತು. 1985ರ ಫೆಬ್ರವರಿಯಲ್ಲಿ ಸಂಸದ ಇನಕ್ ಪವೆಲ್ ಭ್ರೂಣ ಸಂಶೋಧನೆಯನ್ನೇ ನಿಷೇಧಿಸುವ ಮಸೂದೆ ತಂದಾಗ 238 ಸದಸ್ಯರು ಪರ, 66 ಮಂದಿ ವಿರುದ್ಧ. ಸಮಯ ಸಾಲದೆ ಅದು ಬಿದ್ದುಹೋಯಿತು. ಆಮೇಲೆ ಗಾಳಿ ತಿರುಗಿತು. ಗಂಡುಮಕ್ಕಳಿಗೆ ತಗಲುವ ಘೋರ ವಂಶರೋಗಗಳಿದ್ದ ಮನೆತನಗಳ ತಾಯಂದಿರು ಸಂಸದರ ಬಳಿ ಹೋಗಿ ತಮ್ಮ ಪಾಡು ಹೇಳಿಕೊಂಡರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಅಲನ್ ಹ್ಯಾಂಡಿಸೈಡ್, ಭ್ರೂಣದ ಒಂದೇ ಕೋಶವನ್ನು ಪರೀಕ್ಷಿಸಿ ಆ ರೋಗ ತಪ್ಪಿಸಬಹುದೆಂದು 1990ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಮತದಾನ ನಡೆಯಿತು: ಸಂಶೋಧನೆಯ ಪರ 364, ವಿರುದ್ಧ 193. ಹದಿನಾಲ್ಕು ದಿನದ ಗೆರೆ ಕಾನೂನಾಯಿತು. ಅದೇ ವರ್ಷ ಜರ್ಮನಿ ತದ್ವಿರುದ್ಧವಾದ ಕಾನೂನು ಮಾಡಿ ಭ್ರೂಣ ಸಂಶೋಧನೆಗೆ ಬಾಗಿಲು ಮುಚ್ಚಿತು. ಮನುಷ್ಯರನ್ನೇ ಪ್ರಯೋಗದ ಸಾಮಗ್ರಿ ಮಾಡಿದ ನಾಜಿಗಳ ಕಾಲವನ್ನು ಕಂಡ ದೇಶ ಅದು. ಅವರದು ತಪ್ಪೆಂದು ಹೇಳಲು ನನಗೆ ನಾಲಗೆ ಬಾರದು.

ಐರ್ಲೆಂಡ್ ಇನ್ನೂ ಮುಂದೆ ಹೋಗಿತ್ತು. ಹುಟ್ಟದ ಜೀವಕ್ಕೆ ತಾಯಿಯಷ್ಟೇ ಹಕ್ಕು ಎಂದು 1983ರಲ್ಲಿ ಸಂವಿಧಾನಕ್ಕೇ ಸೇರಿಸಿತು. ಶೀತಲೀಕರಿಸಿಟ್ಟ ಭ್ರೂಣಕ್ಕೂ ಇದು ಅನ್ವಯವೇ ಎಂಬ ಮೊಕದ್ದಮೆ ಬಂದಾಗ, ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪಿತ್ತಿತು. ಒಡಲೊಳಗಿನ ಜೀವದ ವಿಷಯದಲ್ಲಿ ನಿಯಮ ಹಾಗೇ ಉಳಿಯಿತು. ಅದರ ಬೆಲೆ ತೆತ್ತವರಲ್ಲಿ ನಮ್ಮ ಬೆಳಗಾವಿಯ ಹೆಣ್ಣುಮಗಳು ಸವಿತಾ ಹಾಲಪ್ಪನವರ ಒಬ್ಬರು. ಹದಿನೇಳು ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದರೂ ಭ್ರೂಣದ ಎದೆಬಡಿತ ಇರುವವರೆಗೆ ಅಲ್ಲಿನ ವೈದ್ಯರು ಗರ್ಭಪಾತ ಮಾಡಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು ಅವರು ತೀರಿಕೊಂಡರು. 2018ರ ಜನಮತಗಣನೆಯಲ್ಲಿ ಐರ್ಲೆಂಡಿನ ಮೂರರಲ್ಲಿ ಎರಡು ಪಾಲು ಮತದಾರರು ಆ ವಿಧಿಯನ್ನು ತೆಗೆದುಹಾಕಿದರು. ಜೀವದ ಆರಂಭವನ್ನು ಒಂದೇ ಮಾತಿನಲ್ಲಿ ತೀರ್ಮಾನಿಸಿದ ಕಾನೂನು ಕೊನೆಗೆ ಯಾರ ಮೈಮೇಲೆ ಬಂತು ಎಂಬುದನ್ನು ನಾವು ಮರೆಯಬಾರದು.

ಮತ್ತೆ ಪ್ರಯೋಗಶಾಲೆಗೆ ಬರೋಣ. 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಭ್ರೂಣದಿಂದ ಆಕರಕೋಶ ತೆಗೆದು ಬೆಳೆಸಿದರು. ದೇಹದ ಯಾವ ಅಂಗದ ಕೋಶವಾದರೂ ಆಗಬಲ್ಲ ಕೋಶಗಳವು, ಆದರೆ ಅವನ್ನು ತೆಗೆದರೆ ಭ್ರೂಣ ಅಳಿಯುತ್ತದೆ. ಅಧ್ಯಕ್ಷ ಬುಷ್ 2001ರ ಆಗಸ್ಟ್ 9ರಂದು, ಅಂದಿನವರೆಗೆ ಸಿದ್ಧವಾಗಿರುವ ತಳಿಗಳಿಗೆ ಮಾತ್ರ ಸರ್ಕಾರದ ಹಣ ಎಂದರು. ಬೆಂಗಳೂರಿನ ಹೆಸರಿದ್ದ ಪಟ್ಟಿ ಹೊರಟಿದ್ದು ಆಗ. ಜಪಾನಿನ ಶಿನ್ಯಾ ಯಾಮನಾಕ ಒಮ್ಮೆ ಗೆಳೆಯನ ಕ್ಲಿನಿಕ್‌ನಲ್ಲಿ ಸೂಕ್ಷ್ಮದರ್ಶಕದಡಿ ಭ್ರೂಣವೊಂದನ್ನು ಕಂಡು, ಇದಕ್ಕೂ ನನ್ನ ಹೆಣ್ಣುಮಕ್ಕಳಿಗೂ ಎಷ್ಟು ಕಡಿಮೆ ಅಂತರ ಎಂದು ಯೋಚಿಸಿದರಂತೆ. 2007ರ ಹೊತ್ತಿಗೆ ಅವರು ಚರ್ಮದ ಕೋಶವನ್ನೇ ಆಕರಕೋಶವಾಗಿ ತಿರುಗಿಸಿದರು. ಭ್ರೂಣವೇ ಬೇಡವೆನ್ನುವಷ್ಟು ದೊಡ್ಡ ಶೋಧ ಅದು, ಆದರೂ ಗರ್ಭ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಭ್ರೂಣದಿಂದಲೇ ಉತ್ತರ ಸಿಗಬೇಕು.

ಮೊದಲೆಲ್ಲ ಹದಿನಾಲ್ಕು ದಿನದವರೆಗೆ ಭ್ರೂಣವನ್ನು ಹೊರಗೆ ಬದುಕಿಸಲು ಯಾರಿಗೂ ಆಗುತ್ತಿರಲಿಲ್ಲ. 2016ರಲ್ಲಿ ಕೇಂಬ್ರಿಜ್ ಮತ್ತು ನ್ಯೂಯಾರ್ಕ್‌ನ ಎರಡು ತಂಡಗಳು ಹದಿಮೂರು ದಿನ ಮುಟ್ಟಿ, ನಿಯಮಕ್ಕೆ ತಲೆಬಾಗಿ ತಾವೇ ನಿಲ್ಲಿಸಿದವು. ಗೆರೆಯನ್ನು ಇಪ್ಪತ್ತೆಂಟು ದಿನಕ್ಕೆ ಸರಿಸಬಹುದೆಂದು ನೆದರ್‌ಲೆಂಡ್ಸ್‌ನ ಆರೋಗ್ಯ ಮಂಡಳಿ 2023ರಲ್ಲಿ ಸಲಹೆ ಕೊಟ್ಟಿದೆ. ಸರಿಸುವ ತಾಕತ್ತು ಬಂದ ಕೂಡಲೇ ಸರಿಸುವುದಾದರೆ ಅದು ಗೆರೆಯೇ ಅಲ್ಲ. ಅದನ್ನು ಹಾಕಲು ಪಟ್ಟಷ್ಟೇ ಶ್ರಮ ಸರಿಸಲೂ ಪಡಬೇಕು.

ಭಾರತದಲ್ಲೂ ಗೆರೆ ಅದೇ. ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹದಿನಾಲ್ಕು ದಿನಕ್ಕೆ ನಿಲ್ಲಿಸಿ ಎನ್ನುತ್ತದೆ. 2021ರ ಕಾನೂನಿನ ಪ್ರಕಾರ ಭ್ರೂಣವನ್ನು ಹತ್ತು ವರ್ಷ ಕಾದಿಡಬಹುದು. ಆಮೇಲೆ ಅದು ಅಳಿಯಬೇಕು, ಇಲ್ಲವೇ ದಂಪತಿಗಳು ಒಪ್ಪಿದರೆ ಸಂಶೋಧನೆಗೆ ಹೋಗಬೇಕು. ಅಂಕಿಯನ್ನು ನಾವು ತಂದುಕೊಂಡೆವು, ಅದರ ಹಿಂದಿನ ಆರು ವರ್ಷದ ಮಾತುಕತೆಯನ್ನು ತರಲಿಲ್ಲ. ಆ ಮಾತು ಕನ್ನಡದಲ್ಲೂ ನಡೆಯಬೇಕು. ಐವಿಎಫ್ ಕೇಂದ್ರಗಳಿಗೆ ಹೋಗುವ ದಂಪತಿಗಳಲ್ಲಿ ನನ್ನದೊಂದು ವಿನಂತಿ: ಉಳಿದ ಭ್ರೂಣಗಳನ್ನು ಏನು ಮಾಡಬೇಕೆಂದು ಕೇಳುವ ಒಪ್ಪಿಗೆ ಪತ್ರ ಕೈಗೆ ಬಂದಾಗ ಅವಸರದಲ್ಲಿ ರುಜು ಹಾಕಬೇಡಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ, ಗಂಡಹೆಂಡತಿ ಕೂತು ಮಾತಾಡಿ, ನಿಮ್ಮ ಮನಸ್ಸು ಒಪ್ಪಿದ್ದನ್ನೇ ಬರೆಯಿರಿ.