ತತ್ತಿಯ ಸಾಕ್ಷ್ಯ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಕಾರಟಗಿಯಲ್ಲಿ ನಮ್ಮ ಸೋದರಮಾವನವರು ಭತ್ತದ ಬೀಜವನ್ನು ಆರಿಸುತ್ತಿದ್ದುದು ತತ್ತಿಯೊಂದರ ಸಾಕ್ಷ್ಯದಿಂದ. ತಾಜಾ ತತ್ತಿ ತನ್ನಷ್ಟೇ ಗಾತ್ರದ ಸಿಹಿನೀರಿಗಿಂತ ನೂರಕ್ಕೆ ಸುಮಾರು 8ರಷ್ಟು ಹೆಚ್ಚು ತೂಗುವುದರಿಂದ ತಳ ಸೇರುತ್ತದೆ. ಉಪ್ಪು ಕರಗಿದಂತೆಲ್ಲ ನೀರಿನ ಸಾಂದ್ರತೆ ಹೆಚ್ಚಿ ಅದನ್ನು ಮೇಲಕ್ಕೆತ್ತುತ್ತದೆ. ಆ ಹದದ ನೀರಿನಲ್ಲಿ ಜೊಳ್ಳೂ ಅರೆಗಾಳೂ ತೇಲಿ, ಗಟ್ಟಿಕಾಳು ಮಾತ್ರ ಮುಳುಗುತ್ತದೆ.

ಒಂದು ವರ್ಷ ತತ್ತಿ ತರುವ ಹೊಣೆ ನನ್ನದಾಯಿತು. ತತ್ತಿ ಮುಟ್ಟದ ಮನೆತನ ನಮ್ಮದು. ನೆರೆಮನೆಯವರು ಕೊಟ್ಟದ್ದನ್ನೇ ತಂದು ಒಪ್ಪಿಸಿದೆ. ಅದು ಹಳೆಯದು. ಸಿಪ್ಪೆಯ ಸೂಕ್ಷ್ಮರಂಧ್ರಗಳಿಂದ ತೇವವಾರಿ, ಒಳಗಿನ ಗಾಳಿಗೂಡು ಹಿಗ್ಗಿದ್ದುದರಿಂದ ಹಿಡಿಯುಪ್ಪಿಗೇ ತೇಲಿತು. ಅರೆಗಾಳುಗಳೂ ಮುಳುಗಿದವು, ಸಸಿಮಡಿ ಅಲ್ಲಲ್ಲಿ ಬೋಳಾಯಿತು. ಮಾವನವರು ಗದರಲಿಲ್ಲ. ಮರುವರ್ಷದಿಂದ ತತ್ತಿ ಮೊದಲು ಸಿಹಿನೀರಿನಲ್ಲಿ ಮುಳುಗಿದ ಮೇಲೆಯೇ ಉಪ್ಪಿನ ಚೀಲ ಬಿಚ್ಚುತ್ತಿದ್ದರು.